ಒಂದು, ಆರು, ಸಿ: ವಯಸ್ಸಿನ ಉರಿಯೂತಕ್ಕೆ ಹಳೇ ಔಷಧಿಗಳು

ನಿನ್ನೆ ಸೆಮಿನಾರಿನಲ್ಲಿ ಒಂದೇ ಪ್ರಶ್ನೆಗೆ ನನ್ನ ಬಾಯಿ ಕಟ್ಟಿಹೋಯಿತು. "ಮೆಥೊಟ್ರೆಕ್ಸೇಟ್ ಸಂಧಿವಾತದ ಉರಿಯೂತ ಇಳಿಸುತ್ತೆ ಅಲ್ವಾ? ಹಾಗಾದ್ರೆ ಹೃದಯಾಘಾತ ಯಾಕೆ ತಡೀಲಿಲ್ಲ?" ರಾತ್ರಿ ಕೂತು ಓದಿದ್ದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹಿನ್ನೆಲೆ

ಗಾಯವಾದಾಗ ಊದಿ, ಆಮೇಲೆ ಇಳಿಯುವುದು ಒಂದು ಥರದ ಉರಿಯೂತ. ವಯಸ್ಸಾದವರಲ್ಲಿ ಗಾಯ, ಸೋಂಕು ಏನೂ ಇಲ್ಲದೆ ಒಳಗೊಳಗೇ ಸಣ್ಣಗೆ ನಡೆಯುತ್ತಲೇ ಇರುವುದು ಇನ್ನೊಂದು ಥರ. ಇದಕ್ಕೆ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು 2000ರಲ್ಲಿ 'ಇನ್‌ಫ್ಲಮೇಜಿಂಗ್' ಅಂತ ಹೆಸರಿಟ್ಟರು. ಬೇರೆ ಕಾಯಿಲೆಗೆ ಈಗಾಗಲೇ ಕೊಡುತ್ತಿರುವ ಔಷಧಿಯೇ ಇದಕ್ಕೂ ಆಗುತ್ತಾ ಅಂತ ನೋಡುವುದು ನಮ್ಮ ವಿಷಯ.

ನಾನು ಎಡವಿದ ಜಾಗ

ಉರಿಯೂತ ಅಂದರೆ ಒಂದೇ, ಅದನ್ನು ಇಳಿಸುವ ಯಾವ ಮಾತ್ರೆಯಾದರೂ ನಡೆಯುತ್ತೆ ಅಂದುಕೊಂಡಿದ್ದೆ. ತಪ್ಪು.

ಹೃದಯಾಘಾತಕ್ಕೆ ದಾರಿ ಮಾಡುವ ಉರಿಯೂತ ನಡೆಯುವುದು ಹೀಗೆ. ರಕ್ತನಾಳದ ಗೋಡೆಯಲ್ಲಿ ಕೊಲೆಸ್ಟ್ರಾಲ್ ಹರಳುಗಟ್ಟುತ್ತದೆ. ಅದನ್ನು ನುಂಗಿದ ರಕ್ಷಕ ಕೋಶದೊಳಗೆ ಎನ್‌ಎಲ್‌ಆರ್‌ಪಿ3 ಅನ್ನುವ ಪ್ರೋಟೀನ್ ಗುಂಪು ಜೋಡಣೆಯಾಗುತ್ತದೆ. ಅದರಿಂದ ಇಂಟರ್‌ಲ್ಯೂಕಿನ್-1 ಬೀಟಾ ಅನ್ನುವ, ಉರಿಯೂತದ ಸಂಕೇತ ಸಾಗಿಸುವ ಪ್ರೋಟೀನ್ ಹೊರಬರುತ್ತದೆ. ಅದು ಅದೇ ಥರದ ಇಂಟರ್‌ಲ್ಯೂಕಿನ್-6 ಹುಟ್ಟಿಸುತ್ತದೆ. ಈ 6 ಯಕೃತ್ತಿಗೆ ಹೋಗಿ ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಮಾಡಿಸುತ್ತದೆ. ನಾನು ನೆನಪಿಟ್ಟುಕೊಂಡಿದ್ದು ಹೀಗೆ: ಒಂದು, ಆರು, ಸಿ. ಬಸ್ ನಂಬರ್ ಥರ ಹೇಳಿಕೊಂಡರೆ ಮರೆಯಲ್ಲ.

ಲ್ಯಾಬಿನಲ್ಲಿ ಅಳೆಯುವುದು ಕೊನೆಯ 'ಸಿ'ಯನ್ನು. ಅದು ನೀರಿನ ಮೀಟರ್ ಇದ್ದಂತೆ. ಮುಳ್ಳು ತಿರುಗುತ್ತಿದ್ದರೆ ಎಲ್ಲೋ ನೀರು ಹರಿಯುತ್ತಿದೆ ಅಂತ ಗೊತ್ತಾಗುತ್ತದೆ. ಮುಳ್ಳನ್ನು ಹಿಡಿದು ನಿಲ್ಲಿಸಿದರೆ ನಲ್ಲಿ ನಿಲ್ಲಲ್ಲ. ಇದಕ್ಕೆ ಪುರಾವೆ ವಂಶವಾಹಿಗಳಿಂದ ಸಿಕ್ಕಿದೆ. ಹುಟ್ಟಿನಿಂದಲೇ ಸಿಆರ್‌ಪಿ ಜಾಸ್ತಿ ಇರುವವರಿಗೆ ಅದೊಂದೇ ಕಾರಣಕ್ಕೆ ಹೃದಯದ ಕಾಯಿಲೆ ಜಾಸ್ತಿ ಬರುವುದಿಲ್ಲ. ಆದರೆ 6ರ ಸಂಕೇತ ಹುಟ್ಟಿನಿಂದ ಮಂದವಾಗಿರುವವರಿಗೆ ಕಾಯಿಲೆ ಕಡಿಮೆ.

ಈಗ ಎರಡು ಟ್ರಯಲ್ ಪಕ್ಕಪಕ್ಕ ಇಡಿ. ಎರಡನ್ನೂ ನಡೆಸಿದ್ದು ಅಮೆರಿಕದ ಹೃದ್ರೋಗ ತಜ್ಞ ಪಾಲ್ ರಿಡ್ಕರ್ ತಂಡ. 2017ರ ಕ್ಯಾಂಟೋಸ್‌ನಲ್ಲಿ 10,061 ಜನ. ಅಪರೂಪದ ಆನುವಂಶಿಕ ಜ್ವರಗಳಿಗೆ ಕೊಡುತ್ತಿದ್ದ ಕ್ಯಾನಕಿನುಮ್ಯಾಬ್ ಇಂಜೆಕ್ಷನ್ ಕೊಟ್ಟರು. ಅದು 'ಒಂದು'ಅನ್ನೇ ಹಿಡಿಯುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಇಳಿಯದಿದ್ದರೂ 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ 15% ಕಡಿಮೆಯಾಯಿತು. 2018ರಲ್ಲಿ ಫಲಿತಾಂಶ ಬಂದ ಸರ್ಟ್ ಟ್ರಯಲ್‌ನಲ್ಲಿ 4,786 ಜನರಿದ್ದರು. ಅದರಲ್ಲಿ ವಾರಕ್ಕೊಮ್ಮೆ ಕಡಿಮೆ ಡೋಸಿನ ಮೆಥೊಟ್ರೆಕ್ಸೇಟ್ ಕೊಟ್ಟರು. ಒಂದೂ ಇಳಿಯಲಿಲ್ಲ, ಆರೂ ಇಳಿಯಲಿಲ್ಲ, ಸಿಯೂ ಇಳಿಯಲಿಲ್ಲ. ಹೃದಯಕ್ಕೂ ಲಾಭವಾಗಲಿಲ್ಲ.

ನಿನ್ನೆ ನಾನು ಹೇಳಬೇಕಿದ್ದ ಉತ್ತರ ಇದೇ: ಮೆಥೊಟ್ರೆಕ್ಸೇಟ್ ಕೀಲಿನ ಉರಿಯೂತ ಇಳಿಸುವುದು ಬೇರೆ ದಾರಿಯಲ್ಲಿ, ಈ ಸಾಲಿಗೆ ಅದು ಕೈ ಹಾಕಲೇ ಇಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಕ್ಯಾಂಟೋಸ್‌ಗೆ ಸೇರಲು ಸಿಆರ್‌ಪಿ ಲೀಟರಿಗೆ 2 ಮಿಲಿಗ್ರಾಂ ಅಥವಾ ಅದಕ್ಕಿಂತ ಮೇಲಿರಬೇಕಿತ್ತು. ಸರ್ಟ್‌ನಲ್ಲಿ ಆ ಷರತ್ತು ಇರಲಿಲ್ಲ. ಹಾಗಾಗಿ ತೀರಾ ನೇರ ಹೋಲಿಕೆ ಮಾಡಬೇಡಿ.

ಕ್ಯಾನಕಿನುಮ್ಯಾಬ್ ಗೆದ್ದೂ ಸೋತಿತು. ಸೋಂಕಿನಿಂದ ಸತ್ತವರು ಜಾಸ್ತಿಯಾದರು, ಬೆಲೆ ವಿಪರೀತ. ಹೃದಯಕ್ಕೆ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಲಿಲ್ಲ.

ಕಾಲ್ಚಿಸಿನ್

ಇದು ಗೌಟ್ ಅನ್ನುವ ಕೀಲು ಊತದ ಕಾಯಿಲೆಯ ಹಳೇ ಮಾತ್ರೆ. ಮಳೆಗಾಲದಲ್ಲಿ ಬೇಲಿ ಮೇಲೆ ಕೆಂಪು ಹಳದಿಯಾಗಿ ಅರಳುವ ಗೌರಿ ಹೂ ಗೊತ್ತಲ್ಲ, ಅದರ ಗಡ್ಡೆ, ಬೀಜದಲ್ಲೂ ಇದೇ ವಸ್ತು ಇದೆ. ಗಡ್ಡೆ ತಿಂದರೆ ಪ್ರಾಣಕ್ಕೇ ಕುತ್ತು, ಮನೆಮದ್ದು ಅಂತ ಸುಮ್ನೆ ಮುಟ್ಟಬೇಡಿ. ಕಾಲ್ಚಿಸಿನ್ ಕೋಶದೊಳಗಿನ ಸೂಕ್ಷ್ಮ ನಳಿಗೆಗಳನ್ನು ಕೆಡಿಸಿ, ಎನ್‌ಎಲ್‌ಆರ್‌ಪಿ3 ಜೋಡಣೆಗೆ ಅಡ್ಡಿ ಮಾಡುತ್ತದೆ. ಅಂದರೆ 'ಒಂದು'ಕ್ಕಿಂತಲೂ ಹಿಂದೆ.

2020ರ ಲೋಡೊಕೊ2ನಲ್ಲಿ 5,522 ಹೃದ್ರೋಗಿಗಳು ಇದ್ದರು, ದಿನಕ್ಕೆ 0.5 ಮಿಲಿಗ್ರಾಂ. ಹೃದಯದ ತೊಂದರೆ ಪ್ಲಾಸಿಬೊ (ಔಷಧಿಯಿಲ್ಲದ ಸೋಗಿನ ಮಾತ್ರೆ) ಗುಂಪಿನಲ್ಲಿ 9.6%, ಮಾತ್ರೆ ತಗೊಂಡವರಲ್ಲಿ 6.8%. ಸುದ್ದಿಯಲ್ಲಿ '31% ಕಡಿಮೆ' ಅಂತ ಬರುವುದು ಇದೇ. ಸಾವಿರ ಜನರ ಲೆಕ್ಕದಲ್ಲಿ 96 ಇದ್ದದ್ದು 68 ಆಯಿತು, ಅಷ್ಟೆ. 2023ರಲ್ಲಿ ಹೃದಯಕ್ಕೆ ಬಳಸಲು ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಆದರೆ 2024ರ ಕ್ಲಿಯರ್ ಟ್ರಯಲ್‌ನಲ್ಲಿ, ಆಗಷ್ಟೇ ಹೃದಯಾಘಾತವಾದ 7,062 ಜನರಲ್ಲಿ, ಸಿಆರ್‌ಪಿ ಇಳಿದರೂ ಲಾಭ ಕಾಣಲಿಲ್ಲ. ನನ್ನ 'ಒಂದು, ಆರು, ಸಿ' ಇಲ್ಲಿ ಕೈಕೊಡುತ್ತದೆ. ಪರೀಕ್ಷೆಯಲ್ಲಿ ಬರೆಯುವಾಗ ಇದನ್ನು ಬಿಡಬೇಡಿ.

ಉಳಿದವು

ಆಸ್ಪಿರಿನ್: 2018ರ ಆಸ್ಪ್ರೀ ಟ್ರಯಲ್‌ನಲ್ಲಿ ಹೃದ್ರೋಗವಿಲ್ಲದ 19,114 ಹಿರಿಯರಿಗೆ ದಿನಾ 100 ಮಿಲಿಗ್ರಾಂ ಅಥವಾ ಪ್ಲಾಸಿಬೊ ಕೊಟ್ಟರು. ಆಸ್ಪಿರಿನ್‌ನಿಂದ ಆರೋಗ್ಯವಾಗಿ ಬದುಕುವ ಕಾಲ ಹೆಚ್ಚಲಿಲ್ಲ, ರಕ್ತಸ್ರಾವ ಹೆಚ್ಚಿತು. ರಾಪಮೈಸಿನ್: ಅಂಗ ಕಸಿ ಮಾಡಿಸಿಕೊಂಡವರಿಗೆ ಕೊಡುವ ಔಷಧಿ, ಇಲಿಗಳ ಆಯುಸ್ಸು ಹೆಚ್ಚಿಸುತ್ತೆ ಅಂತ ವರದಿಯಾಗಿದ್ದು 2009ರಲ್ಲಿ. ಮೆಟ್‌ಫಾರ್ಮಿನ್: ಸಕ್ಕರೆ ಕಾಯಿಲೆಯ ಮಾತ್ರೆ. ಇದು ವಯಸ್ಸಿನ ಕಾಯಿಲೆಗಳನ್ನು ಮುಂದೂಡುತ್ತಾ ಅಂತ ನೋಡಲು ಹಾಕಿಕೊಂಡ, ಸಂಶೋಧಕ ನಿರ್ ಬಾರ್ಜಿಲೈ ಅವರ ಟೇಮ್ ಯೋಜನೆಯ ಹೆಸರು ನೆನಪಿರಲಿ.

ಕೊನೆಗೊಂದು: ನಮ್ಮಜ್ಜನ ಸಿಆರ್‌ಪಿ 11 ಬಂದಿತ್ತು. ಮನೆಯವರೆಲ್ಲ ಗಾಬರಿ. ಅವರಿಗೆ ಆಗ ನೆಗಡಿ, ಕೆಮ್ಮು. 10 ದಾಟಿದರೆ ಸೋಂಕಿದೆಯಾ ಅಂತ ಮೊದಲು ನೋಡಿ, ವಾಸಿಯಾದ ಮೇಲೆ ಮತ್ತೆ ಅಳೆಯಬೇಕು. ಮೂರು ವಾರ ಬಿಟ್ಟು ಮಾಡಿಸಿದಾಗ 1.8.