ಹಳೇ ಸ್ಕ್ರಿಪ್ಟಿಗೆ ಹೊಸ ಚಿಪ್ಪಿನ ಪರಿಚಯವಿಲ್ಲ

ಜಪಾನಿನ ಕೋಬೆಯಲ್ಲಿರುವ ಫುಗಾಕು 2020ರ ಜೂನ್‌ನಲ್ಲಿ ಜಗತ್ತಿನ ಅತಿ ವೇಗದ ಸೂಪರ್‌ಕಂಪ್ಯೂಟರ್ ಎನಿಸಿಕೊಂಡಿತು. ಅದರಲ್ಲಿ ಲೆಕ್ಕ ಮಾಡುವ ನೋಡ್‌ಗಳೇ, ಅಂದರೆ ಒಂದಕ್ಕೊಂದು ಜೋಡಿಸಿದ ಕಂಪ್ಯೂಟರುಗಳೇ, ಒಂದೂವರೆ ಲಕ್ಷ ದಾಟುತ್ತವೆ. ಅವುಗಳಲ್ಲಿರುವುದು ಆರ್ಮ್ ಚಿಪ್. ಆದರೆ ಬಳಸುವವರು ಲಾಗಿನ್ ಆಗುವ ಯಂತ್ರಗಳಲ್ಲಿ ಇರುವುದು ಇಂಟೆಲ್ ಚಿಪ್. ಹವಾಮಾನದ ಮಾಡೆಲ್ ಒಂದನ್ನು ಓಡಿಸಬೇಕಾದರೆ ಸಾಮಾನ್ಯವಾಗಿ ಇಂಟೆಲ್ ಯಂತ್ರದಲ್ಲಿ ಕೂತು ಆರ್ಮ್ ಚಿಪ್ಪಿಗೆ ಪ್ರೋಗ್ರಾಂ ತಯಾರಿಸಬೇಕು. ಇದಕ್ಕೆ ಕ್ರಾಸ್ ಕಂಪೈಲಿಂಗ್ ಎನ್ನುತ್ತಾರೆ.

ಇಂಥ ಮಾಡೆಲ್‌ಗಳಿಗೆ ಎಷ್ಟೋ ವರ್ಷಗಳ ಇತಿಹಾಸ ಇರುತ್ತದೆ. ಅವುಗಳ ಸಮೀಕರಣಗಳನ್ನು ವಿಜ್ಞಾನಿಗಳು ತಿದ್ದುತ್ತಲೇ ಇರುತ್ತಾರೆ. ಕೋಡನ್ನು ಓಡಬಲ್ಲ ಪ್ರೋಗ್ರಾಂ ಆಗಿಸುವ ಬಿಲ್ಡ್ ಸ್ಕ್ರಿಪ್ಟುಗಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಯಂತ್ರದಲ್ಲಿ ಏನೇನಿದೆ ಎಂದು ಪರೀಕ್ಷಿಸುವ ಸ್ಕ್ರಿಪ್ಟನ್ನು ತಯಾರಿಸಿಕೊಡುವ ಆಟೋಕಾನ್ಫ್ ಬಳಸುವ ಪ್ರಾಜೆಕ್ಟುಗಳಲ್ಲಿ 'ಕಾನ್ಫಿಗ್ ಡಾಟ್ ಸಬ್' ಎಂಬ ಪುಟ್ಟ ಫೈಲ್ ಇರುತ್ತದೆ. ಯಾವ ಯಾವ ಚಿಪ್ಪುಗಳಿವೆ ಎಂಬ ಪಟ್ಟಿ ಅದರಲ್ಲಿದೆ. 64 ಬಿಟ್ ಆರ್ಮ್ ಘೋಷಣೆ ಆದದ್ದೇ 2011ರಲ್ಲಿ. ಅದಕ್ಕೂ ಹಳೆಯ ಫೈಲ್ ಆದರೆ 'ಈ ಯಂತ್ರ ಗೊತ್ತಿಲ್ಲ' ಎಂದು ಅಲ್ಲೇ ನಿಂತುಬಿಡುತ್ತದೆ. ಹೊಸ ಫೈಲ್ ತಂದು ಹಾಕಿದರೆ ಆಯಿತು. ಕೂಗಿ ಹೇಳುವ ತಪ್ಪು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ.

ಗೊತ್ತಿಲ್ಲದಿದ್ದರೂ ಊಹಿಸಿಕೊಂಡು ಮುಂದೆ ಹೋಗುವ ಸ್ಕ್ರಿಪ್ಟು ಜಾಸ್ತಿ ಕಾಡುತ್ತದೆ. ಮೆಮೊರಿ ಕೇಳುವ ಮ್ಯಾಲಕ್ ಫಂಕ್ಷನ್ನನ್ನೇ ನೋಡಿ. ಸೊನ್ನೆ ಬೈಟ್ ಕೇಳಿದಾಗ ಅದು ಏನು ಕೊಡುತ್ತದೆ ಎಂದು ತಿಳಿಯಲು ಸ್ಕ್ರಿಪ್ಟು ಒಂದು ಚಿಕ್ಕ ಪ್ರೋಗ್ರಾಂ ಬರೆದು, ಕಂಪೈಲ್ ಮಾಡಿ, ಓಡಿಸಿ ನೋಡುತ್ತದೆ. ಆದರೆ ಆರ್ಮ್ ಪ್ರೋಗ್ರಾಂ ಇಂಟೆಲ್ ಯಂತ್ರದಲ್ಲಿ ಓಡುವುದಿಲ್ಲ, ಅಲ್ವಾ? ಆಗ ಹಳೆಯ ಸ್ಕ್ರಿಪ್ಟುಗಳು 'ಇಲ್ಲಿನ ಮ್ಯಾಲಕ್ ಸರಿಯಿಲ್ಲ' ಎಂದುಕೊಂಡು, ಅದನ್ನು ಕರೆದ ಕಡೆಯಲ್ಲೆಲ್ಲ 'ಆರ್‌ಪಿಎಲ್ ಮ್ಯಾಲಕ್' ಎಂಬ ಬದಲಿ ಹೆಸರು ಹಾಕುತ್ತವೆ. ಎಷ್ಟೋ ಪ್ರಾಜೆಕ್ಟುಗಳಲ್ಲಿ ಆ ಬದಲಿಯನ್ನು ಯಾರೂ ಬರೆದಿರುವುದಿಲ್ಲ. ಎಲ್ಲ ಕಂಪೈಲ್ ಆದ ಮೇಲೆ ಕೊನೆಯಲ್ಲಿ ತುಣುಕುಗಳನ್ನು ಜೋಡಿಸುವ ಲಿಂಕರ್ 'ಈ ಹೆಸರಿನದ್ದು ಸಿಗುತ್ತಿಲ್ಲ' ಎನ್ನುತ್ತದೆ. ಮಾಡೆಲ್ ಬರೆದವರು ತಮ್ಮ ಕೋಡನ್ನೆಲ್ಲ ಹುಡುಕಿದರೂ ಆ ಹೆಸರು ಕಾಣುವುದಿಲ್ಲ.

ಇದಾದರೂ ಕೊನೆಗೆ ಬಾಯಿ ಬಿಡುತ್ತದೆ. 2024ರ ಮೇನಲ್ಲಿ ಬಂದ ಜಿಸಿಸಿ 14 ಕಂಪೈಲರ್ ಸಿ ಭಾಷೆಯ ಕೆಲವು ಹಳೇ ಸಡಿಲ ಅಭ್ಯಾಸಗಳನ್ನು ತಪ್ಪು ಎಂದೇ ತಿರಸ್ಕರಿಸುತ್ತದೆ. ಫಂಕ್ಷನ್ನಿನ ಹೆಸರಿಗೆ ಮೊದಲು ಅದರ ಟೈಪ್, ಅಂದರೆ ಅದು ಯಾವ ಬಗೆಯ ಉತ್ತರ ಕೊಡುತ್ತದೆ ಎಂಬುದನ್ನು ಹೇಳದೆ ಸುಮ್ನೆ 'ಮೇನ್' ಎಂದಷ್ಟೇ ಬರೆಯುವುದು ಅದರಲ್ಲೊಂದು. ಹಳೆಯ ಸ್ಕ್ರಿಪ್ಟುಗಳ ಎಷ್ಟೋ ಪರೀಕ್ಷಾ ಪ್ರೋಗ್ರಾಂಗಳು ಹಾಗೇ ಇವೆ. ಪ್ರೋಗ್ರಾಂ ಕಂಪೈಲ್ ಆಗದಿದ್ದರೆ ಸ್ಕ್ರಿಪ್ಟು 'ಈ ಯಂತ್ರದಲ್ಲಿ ಈ ಸೌಲಭ್ಯ ಇಲ್ಲ' ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ಸೌಲಭ್ಯ ಇರುತ್ತದೆ! ಮಾಡೆಲ್ ತಯಾರಾಗುತ್ತದೆ, ಓಡುತ್ತದೆ, ಆದರೆ ಬೇರೆ ದಾರಿ ಹಿಡಿದು ಓಡುತ್ತದೆ.

ಸಿಮ್ಯುಲೇಷನ್‌ನಲ್ಲಿ ಇದು ಸಣ್ಣ ವಿಷಯವಲ್ಲ. 64 ಬಿಟ್ ಆರ್ಮ್ ಚಿಪ್ಪುಗಳು ಗುಣಾಕಾರ ಮತ್ತು ಕೂಡುವುದನ್ನು ಒಂದೇ ಹೆಜ್ಜೆಯಲ್ಲಿ ಮಾಡಿ, ಉತ್ತರದ ಕೊನೆಯ ಅಂಕೆಗಳನ್ನು ಒಂದೇ ಸಲ ರೌಂಡ್ ಮಾಡಬಲ್ಲವು. ಜಿಸಿಸಿ ಅದನ್ನು ತಾನಾಗಿಯೇ ಬಳಸುತ್ತದೆ. ಇಂಟೆಲ್‌ಗೆ ವಿಶೇಷ ಆಯ್ಕೆ ಕೊಡದೆ ಬಿಲ್ಡ್ ಮಾಡಿದರೆ ಎರಡು ಸಲ ರೌಂಡ್ ಆಗುತ್ತದೆ. ಹೀಗಾಗಿ ಕೊನೆಯ ಅಂಕೆಗಳು ಬೇರೆಯಾಗುತ್ತವೆ. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ ತಮ್ಮ ಹವಾಮಾನ ಮಾಡೆಲ್‌ಗೆ 0.506127ರ ಬದಲು 0.506 ಕೊಟ್ಟಾಗ ಮುಂದಿನ ಹವೆಯೇ ಬೇರೆಯಾಗಿತ್ತು. ಹಾಗಾಗಿ ಎರಡು ಯಂತ್ರಗಳ ಉತ್ತರ ಬೇರೆ ಬಂದರೆ 'ಚಿಪ್ ಬೇರೆ, ಇರಲಿ' ಎಂದು ಬಿಟ್ಟುಬಿಡುವುದು ಸುಲಭ. ಸ್ಕ್ರಿಪ್ಟಿನ ತಪ್ಪು ಊಹೆ ಅಡಗಿಕೊಳ್ಳುವುದು ಅಲ್ಲಿಯೇ.

ಹೊಸ ಆಟೋಕಾನ್ಫ್ ಹಾಕಿಕೊಂಡು 'ಆಟೋರೀಕಾನ್ಫ್' ಓಡಿಸಿದರೆ ಸ್ಕ್ರಿಪ್ಟುಗಳು ಹೊಸದಾಗಿ ಹುಟ್ಟುತ್ತವೆ. ಓಡಿಸಿಯೇ ನೋಡಬೇಕಾದ ಪರೀಕ್ಷೆಗಳನ್ನು ಒಮ್ಮೆ ಆರ್ಮ್ ನೋಡ್‌ನಲ್ಲೇ ಓಡಿಸಿ, ಬಂದ ಉತ್ತರಗಳನ್ನು ಒಂದು ಫೈಲಿನಲ್ಲಿ ಬರೆದು ಕೊಡಬಹುದು. ಆಮೇಲೆ ಇಂಟೆಲ್ ಮತ್ತು ಆರ್ಮ್ ಎರಡೂ ಕಡೆಯ, ಪರೀಕ್ಷೆಗಳ ಉತ್ತರ ದಾಖಲಾಗುವ 'ಕಾನ್ಫಿಗ್ ಡಾಟ್ ಲಾಗ್' ಫೈಲುಗಳನ್ನು ಪಕ್ಕಪಕ್ಕ ಇಟ್ಟು, ಒಂದರಲ್ಲಿ 'ಹೌದು' ಇನ್ನೊಂದರಲ್ಲಿ 'ಇಲ್ಲ' ಎಂದಿರುವ ಪ್ರತಿ ಸಾಲಿಗೂ ಕಾರಣ ಕೇಳಬೇಕು.