ನಾಲ್ಕು ಸ್ಕ್ರೂ ಬಿಚ್ಚಿದರೆ

ಅಮೆರಿಕದ ಫೆಂಡರ್ ಕಂಪನಿಯ ಹಳೆಯ ಬೇಸ್ ಗಿಟಾರಿನ (ತಗ್ಗು ಸ್ವರ ನುಡಿಸುವ ಗಿಟಾರು) ವಯಸ್ಸು ಪತ್ತೆ ಮಾಡಲು ಮೊದಲು ಬೇಕಾಗುವುದು ಒಂದು ಸ್ಕ್ರೂಡ್ರೈವರ್. ತಂತಿ ಸಡಿಲಿಸಿ, ಬೆನ್ನ ಹಿಂದಿನ ತಗಡಿನಲ್ಲಿರುವ ನಾಲ್ಕು ಸ್ಕ್ರೂ ಬಿಚ್ಚಬೇಕು. ಆಗ ಉದ್ದನೆಯ ಕತ್ತು, ಅಂದರೆ ನೆಕ್, ಬಾಡಿಯಿಂದ ಕಳಚಿ ಕೈಗೆ ಬರುತ್ತದೆ. ಅದರ ಬುಡದ ಕಡೆ ನೋಡಿದರೆ ಪೆನ್ಸಿಲ್‌ನಲ್ಲಿ ಗೀಚಿದ ಎರಡಕ್ಷರ, ಪಕ್ಕದಲ್ಲೊಂದು ತಿಂಗಳು, ಒಂದು ವರ್ಷ. ಎಪ್ಪತ್ತು ವರ್ಷದ ಹಿಂದೆ ಯಾರೋ ಕೆಲಸದ ಮಧ್ಯೆ ಬರೆದಿದ್ದು. ಪೆನ್ಸಿಲ್ಲಿನ ಗ್ರಾಫೈಟ್ ಅಂದರೆ ಬರೀ ಇಂಗಾಲ. ಶಾಯಿಯ ಬಣ್ಣದ ಹಾಗೆ ಅದು ಬೆಳಕಿಗೆ ಮಂಕಾಗುವುದಿಲ್ಲ, ಗಾಳಿಗೆ ಕೆಡುವುದಿಲ್ಲ. ಉಜ್ಜಿದರೆ ಮಾತ್ರ ಹೋಗುತ್ತದೆ. ಇಲ್ಲಿ ಉಜ್ಜುವವರು ಯಾರೂ ಇರಲಿಲ್ಲ.

ಈ ಬರಹ ನಮಗೆ ಸಿಕ್ಕಿದ್ದೇ ಸ್ಕ್ರೂಗಳ ದೆಸೆಯಿಂದ. ಪಿಟೀಲಿನಲ್ಲಿ, ಒಳ್ಳೆಯ ಮರದ ಗಿಟಾರುಗಳಲ್ಲಿ ನೆಕ್ಕನ್ನು ಅಂಟು ಹಾಕಿ ಕೂರಿಸುವುದೇ ಪದ್ಧತಿ. ಲಿಯೊ ಫೆಂಡರ್ ಆ ಪರಂಪರೆಯವರಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಅವರಿಗೆ ಗಿಟಾರ್ ನುಡಿಸಲೂ ಬರುತ್ತಿರಲಿಲ್ಲ! ರೇಡಿಯೊದಲ್ಲಿ ವಾಲ್ವ್ ಕೆಟ್ಟರೆ ವಾಲ್ವ್ ಬದಲಿಸುತ್ತೇವೆ, ಗಿಟಾರಿನಲ್ಲಿ ನೆಕ್ ಕೆಟ್ಟರೆ ನೆಕ್ ಬದಲಿಸೋಣ ಎನ್ನುವ ಲೆಕ್ಕ ಅವರದು. ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುತ್ತಿದ್ದ ವಾದಕರಿಗೆ 1951ರಲ್ಲಿ ಅವರು ಕೊಟ್ಟ ಪ್ರಿಸಿಷನ್ ಬೇಸ್ ಹೀಗೆ ಬಿಚ್ಚಿ ಜೋಡಿಸಬಹುದಾದ ವಾದ್ಯ. ಅಂಟು ಹಾಕಿದ್ದರೆ ಆ ಎರಡಕ್ಷರವನ್ನು ನೋಡಲು ಅಂಟಿನ ಜೋಡಣೆಯನ್ನೇ ಬಿಡಿಸಬೇಕಾಗುತ್ತಿತ್ತು.

ಯಾಕೆ ಬರೆದರು? ಮಡಿವಾಳರು ಬಟ್ಟೆಯ ಒಳಮೂಲೆಯಲ್ಲಿ ಹಾಕುವ ಗುರುತು ನೆನಪಿದೆಯಲ್ಲ? ಅದು ಬಟ್ಟೆ ತೊಡುವವರಿಗೆ ಹಾಕಿದ್ದಲ್ಲ, ಒಗೆಯುವವರು ತಮ್ಮ ಕೆಲಸಕ್ಕೆ ಹಾಕಿಕೊಂಡಿದ್ದು. ಇದೂ ಹಾಗೆಯೇ. ಈ ತುಂಡು ಯಾರು ತಿದ್ದಿದರು, ಯಾವಾಗ ಮುಗಿಯಿತು, ಏನಾದರೂ ತಪ್ಪಿದ್ದರೆ ಯಾರನ್ನು ಕೇಳಬೇಕು, ಅಷ್ಟೇ. 1950ರ ದಶಕದ ಎಷ್ಟೋ ಫೆಂಡರ್ ನೆಕ್‌ಗಳ ಮೇಲೆ ಕಾಣುವ 'ಟಿ ಜಿ' ಎಂಬ ಅಕ್ಷರಗಳು ಟಾಡಿಯೊ ಗೋಮೆಜ್ ಅವರವು. ನೆಕ್ಕಿನ ಬೆನ್ನನ್ನು ಕೈಗೆ ಹೊಂದುವಂತೆ ತಿದ್ದುವುದು ಅವರ ಕೆಲಸ. ಇವತ್ತು ಆ ಎರಡಕ್ಷರ ಕಂಡರೆ ಸಂಗ್ರಹಕಾರರ ಕಣ್ಣು ಅರಳುತ್ತದೆ. ಕೆಲವು ಗಿಟಾರುಗಳ ಹೊಟ್ಟೆಯಲ್ಲಿ, ವೈರಿಂಗ್ ಇರುವ ಗುಂಡಿಯೊಳಗೆ, ಮಾಸ್ಕಿಂಗ್ ಟೇಪಿನ ಚೂರು ಅಂಟಿರುತ್ತದೆ. ಅದರ ಮೇಲೆ ಮೇರಿ, ಗ್ಲೋರಿಯಾ ಅಂತ ಬೆಸುಗೆ ಹಾಕಿದ ಹೆಂಗಸರ ಹೆಸರು. ಮುಂದೆ ಹೊಳೆಯುವ ಹೆಸರು ಫೆಂಡರ್, ಒಳಗೆ ಇರುವವರು ಇವರು.

1962ರ ಮಾರ್ಚ್ ಹೊತ್ತಿಗೆ ಪೆನ್ಸಿಲ್ ಹೋಗಿ ರಬ್ಬರ್ ಮುದ್ರೆ ಬಂತು. ಒಂದು ನೆಕ್ ಮೇಲೆ '5 ನವೆಂಬರ್ 62 ಸಿ' ಎಂದು ಮುದ್ರೆ ಇದೆ ಅಂದುಕೊಳ್ಳಿ. ಓದಿದವರು ಯಾರೇ ಆದರೂ ನವೆಂಬರ್ ಐದನೇ ತಾರೀಕು ಅನ್ನುತ್ತಾರೆ. ತಪ್ಪು! ಐದು ಅಂದರೆ ಪ್ರಿಸಿಷನ್ ಬೇಸ್‌ನ ಮಾದರಿ ಸಂಖ್ಯೆ. ಏಳು ಇದ್ದರೆ ಫೆಂಡರ್‌ನದೇ ಇನ್ನೊಂದು ಮಾದರಿ, ಜಾಸ್ ಬೇಸ್. ಕೊನೆಯ ಅಕ್ಷರ ತಲೆಯ ಕಡೆ ನೆಕ್ಕಿನ ತುದಿಯ ಅಗಲ. ಬೇಸ್‌ನಲ್ಲಿ 'ಎ' ಅಂದರೆ ಸುಮಾರು 38 ಮಿಲಿಮೀಟರ್, 'ಸಿ' ಅಂದರೆ ಸುಮಾರು 44. ತಾರೀಕು ಅದರಲ್ಲಿ ಇಲ್ಲವೇ ಇಲ್ಲ. ಪಕ್ಕದ ಮೇಜಿನವರಿಗೆ ಅದು ಬೇಕೂ ಇರಲಿಲ್ಲ. ಇದು ಗೊತ್ತಿಲ್ಲದೆ ತಮ್ಮ ಗಿಟಾರಿನ 'ಹುಟ್ಟುಹಬ್ಬ' ಆಚರಿಸಿದವರು ಎಷ್ಟು ಜನರೋ.

ಇನ್ನೂ ಒಂದು ತೊಡಕಿದೆ. ಈ ತಿಂಗಳು, ವರ್ಷ ನೆಕ್ಕಿನದು, ಗಿಟಾರಿನದಲ್ಲ. ನೆಕ್‌ಗಳು ರಾಶಿ ರಾಶಿಯಾಗಿ ತಯಾರಾಗುತ್ತಿದ್ದವು, ಬಾಡಿಗಳು ಬೇರೆ ಕಡೆ. ಕೈಗೆ ಸಿಕ್ಕಿದ್ದನ್ನು ತೆಗೆದು ಜೋಡಿಸುತ್ತಿದ್ದರು. ಹಿಂದಿನ ತಗಡಿನ ಮೇಲಿನ ಸರಣಿ ಸಂಖ್ಯೆಯೂ ಹಾಗೆ, ಡಬ್ಬಿಗೆ ಕೈ ಹಾಕಿ ಬಂದದ್ದನ್ನು ಬಿಗಿಯುತ್ತಿದ್ದರು, ಕ್ರಮ ಯಾರೂ ನೋಡುತ್ತಿರಲಿಲ್ಲ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ತಮ್ಮ ಪ್ರಸಿದ್ಧ ಫೆಂಡರ್ ಗಿಟಾರು ಸ್ಟ್ರಾಟೊಕ್ಯಾಸ್ಟರನ್ನು 1959ರದು ಎನ್ನುತ್ತಿದ್ದರು, ತಂತಿಯ ಕಂಪನ ಹಿಡಿಯುವ ಪಿಕಪ್‌ಗಳ ಹಿಂದೆ ಆ ವರ್ಷ ಬರೆದಿತ್ತು. ಅದರ ನೆಕ್ 1962ರದು, ಬಾಡಿ 1963ರದು. ಅದು ಬೇಸ್ ಅಲ್ಲ ನಿಜ, ಆದರೆ ಅದೇ ಕಾರ್ಖಾನೆ, ಅದೇ ಅಭ್ಯಾಸ.

ಹೀಗಾಗಿ ಬೇರೆ ಸಾಕ್ಷಿಯೂ ಬೇಕು. ವಾಲ್ಯೂಮ್ ತಿರುಗಿಸುವ ಗುಬುಟಿಯ ಕೆಳಗೆ ಒಂದು ಪುಟ್ಟ ಬಿಡಿಭಾಗ ಇರುತ್ತದೆ, ರಿಪೇರಿಯವರು ಪಾಟ್ ಅನ್ನುತ್ತಾರೆ. ಅದರ ಲೋಹದ ಬೆನ್ನ ಮೇಲೆ 304 6134 ಎಂದಿದ್ದರೆ 304 ಅಂದರೆ ಸ್ಟ್ಯಾಕ್‌ಪೋಲ್ ಕಂಪನಿ, 61 ವರ್ಷ, 34 ಆ ವರ್ಷದ ವಾರ. 137 ಇದ್ದರೆ ಸಿಟಿಎಸ್ ಕಂಪನಿ. ಇದು ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮ ಮಾಡಿಕೊಂಡ ಸಂಕೇತ. ಹಾಗಂತ ಇದನ್ನೂ ಪೂರ್ತಿ ನಂಬುವ ಹಾಗಿಲ್ಲ. 1966ರಲ್ಲಿ ಫೆಂಡರ್ ಪಾಟ್‌ಗಳನ್ನು ಸಿಕ್ಕಾಪಟ್ಟೆ ಕೊಂಡು ಗುಡ್ಡೆ ಹಾಕಿಕೊಂಡಿತು. ಮುಂದಿನ ಹಲವು ವರ್ಷದ ಗಿಟಾರುಗಳಲ್ಲೂ ಅದೇ ಸ್ಟಾಕ್. ಪಾಟ್ ಹೇಳುವುದು ಇಷ್ಟೇ: ಈ ವೈರಿಂಗ್ ಇದಕ್ಕಿಂತ ಮುಂಚಿನದಲ್ಲ.

ಪಿಕಪ್ ವಿಷಯ ಬೇರೆ. ಅಲ್ಲಿ ಕೆಲಸದವರ ಕೈಯ ಗುರುತು ಕಣ್ಣಿಗೆ ಮಾತ್ರವಲ್ಲ, ಕಿವಿಗೂ ಸಿಗುತ್ತದೆ. ಪಿಕಪ್ ಅಂದರೆ ಅಯಸ್ಕಾಂತದ ಕಡ್ಡಿಗಳ ಸುತ್ತ ಸುತ್ತಿದ ತಾಮ್ರದ ತಂತಿ. ತಂತಿಯ ದಪ್ಪ ಸುಮಾರು 0.06 ಮಿಲಿಮೀಟರ್, ಹೆಚ್ಚುಕಡಿಮೆ ತಲೆಕೂದಲಿನಷ್ಟು. ಸುತ್ತುಗಳು ಸಾವಿರಾರು. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ ಕಂಡುಹಿಡಿದ ನಿಯಮ, ಶಾಲೆಯಲ್ಲಿ ಓದಿದ್ದೇ. ಆಗ ಯಂತ್ರ ಸುರುಳಿಯನ್ನು ತಿರುಗಿಸುತ್ತಿತ್ತು, ತಂತಿಯನ್ನು ಅತ್ತಿತ್ತ ನಡೆಸುತ್ತಿದ್ದುದು ಬೆರಳು. ಸುತ್ತು ಜಾಸ್ತಿಯಾದರೆ ಸದ್ದು ಜೋರು, ಆದರೆ ಸುರುಳಿಯ ಪ್ರೇರಕತ್ವ (ವಿದ್ಯುತ್ತಿನ ವೇಗದ ಏರಿಳಿತವನ್ನು ತಡೆಯುವ ಗುಣ) ಏರಿ ಮೇಲಿನ ಚೂಪು ಸ್ವರಗಳು ಮೊಂಡಾಗುತ್ತವೆ. ತಂತಿ ಅಚ್ಚುಕಟ್ಟಾಗಿ ಒತ್ತೊತ್ತಾಗಿ ಕೂರದೆ ಚದುರಿ ಕೂತರೆ, ಪದರಗಳ ನಡುವಿನ ವಿದ್ಯುತ್ ಧಾರಕತೆ (ವಿದ್ಯುತ್ತನ್ನು ಹಿಡಿದಿಡುವ ಗುಣ) ತಗ್ಗಿ ಸ್ವರ ಚೂಪಾಗುತ್ತದೆ. ಒಬ್ಬರ ಬೆರಳಿನ ಬಿಗಿ ಇನ್ನೊಬ್ಬರದಲ್ಲ. 1956ರಲ್ಲಿ ಫೆಂಡರ್ ಸೇರಿದ ಅಬಿಗೈಲ್ ಇಬಾರಾ 2013ರಲ್ಲಿ ನಿವೃತ್ತರಾಗುವವರೆಗೆ ಪಿಕಪ್ ಸುತ್ತಿದ ಹೆಸರುವಾಸಿ. ಕೊನೆಯ ವರ್ಷಗಳಲ್ಲಿ ಅವರು ಸುತ್ತಿ ಸಹಿ ಮಾಡಿದ ಪಿಕಪ್‌ಗಳಿಗೆ ಜನ ಸಾಲುಗಟ್ಟಿದರು. ಲೆಕ್ಕಕ್ಕೆ ಹಾಕುತ್ತಿದ್ದ ಗುರುತು ಅಷ್ಟೊತ್ತಿಗೆ ನಿಜವಾದ ಸಹಿಯಾಗಿತ್ತು.

ದುಡ್ಡು ಬಂದ ಕಡೆ ಖೋಟಾ ಬರದೆ ಇರುತ್ತದೆಯೇ? ಪೆನ್ಸಿಲ್ ಯಾರ ಮನೆಯಲ್ಲೂ ಇದೆ. ಮುದ್ರೆ ಮಾಡಿಸುವುದೂ ದೊಡ್ಡ ಮಾತಲ್ಲ. ಆದ್ದರಿಂದ ಪರೀಕ್ಷಿಸುವವರು ಬರೆದದ್ದಕ್ಕಿಂತ ಬರೆಯದೆ ಉಳಿದ ಗುರುತುಗಳನ್ನು ಹುಡುಕುತ್ತಾರೆ. ನನಗಂತೂ ಈ ಭಾಗವೇ ಹೆಚ್ಚು ಇಷ್ಟ. ಆ ಕಾಲದಲ್ಲಿ ಬಾಡಿಯ ಮೇಲೆ ಬಣ್ಣ ಹೊಡೆಯುವ ಮೊದಲು ಮುಂಭಾಗದಲ್ಲಿ ಸಣ್ಣ ಮೊಳೆಗಳನ್ನು ಹೊಡೆಯುತ್ತಿದ್ದರು. ಒಂದು ಕಡೆ ಬಣ್ಣ ಹಚ್ಚಿ ಮಗುಚಿದರೆ ಹಸಿ ಬಣ್ಣ ನೆಲಕ್ಕೆ ತಾಗದೆ ಮೊಳೆಯ ಮೇಲೆ ನಿಲ್ಲಲಿ ಅಂತ. ಒಣಗಿದ ಮೇಲೆ ಮೊಳೆ ಕಿತ್ತರೆ ಉಳಿಯುವ ತೂತಿನೊಳಗೆ ಬಣ್ಣ ಇರುವುದಿಲ್ಲ, ಬರೀ ಮರ ಕಾಣುತ್ತದೆ. ಯಾರೋ ಆಮೇಲೆ ಹೊಸ ಬಣ್ಣ ಹೊಡೆದಿದ್ದರೆ ತೂತಿಗೂ ಬಣ್ಣ ನುಗ್ಗಿರುತ್ತದೆ, ಇಲ್ಲವೇ ತೂತೇ ಮುಚ್ಚಿರುತ್ತದೆ. 1960ರ ದಶಕದಲ್ಲಿ ನೆಕ್ ಕೂರುವ ಗುಂಡಿಗೆ ಒಂದು ಕೋಲನ್ನು ಸ್ಕ್ರೂ ಹಾಕಿ, ಅದನ್ನು ಹಿಡಿದು ಬಣ್ಣ ಹೊಡೆಯುವ ರೂಢಿ ಬಂತು. ಕೋಲಿದ್ದ ಜಾಗದಲ್ಲಿ ಬಣ್ಣವಿಲ್ಲದ ಪಟ್ಟಿ ಹಾಗೇ ಉಳಿದಿದೆ. ಕತ್ತಲೆಯಲ್ಲಿ ಅತಿನೇರಳೆ ದೀಪ ಹಿಡಿದರೆ ಹಳೆಯ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಹಸಿರು ಹಳದಿಯಾಗಿ ಮಿನುಗುತ್ತದೆ, ಹೊಸದಾಗಿ ತೇಪೆ ಹಾಕಿದ ಜಾಗ ಕಪ್ಪಗೆ ಎದ್ದು ಕಾಣುತ್ತದೆ.

ಜೇಮ್ಸ್ ಜೇಮರ್ಸನ್ ಅವರ 1962ರ ಪ್ರಿಸಿಷನ್ ಬೇಸ್‌ಗೆ ಇದೆಲ್ಲ ಒಂದು ದಿನ ಬೇಕಾಗಬಹುದು. ಡೆಟ್ರಾಯಿಟ್‌ನ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೊದಲ್ಲಿ ಒಂದೇ ಬೆರಳಿನಿಂದ ಆ ಬೇಸ್ ಮೀಟಿ ಲೆಕ್ಕವಿಲ್ಲದಷ್ಟು ಹಾಡುಗಳನ್ನು ನಡೆಸಿದವರು ಅವರು. 1983ರಲ್ಲಿ, ಅವರು ತೀರಿಕೊಳ್ಳುವ ಸ್ವಲ್ಪ ಮುಂಚೆ, ಅದು ಕಳುವಾಯಿತು. ಅದೇ ಬೇಸ್ ಎಂದು ಯಾರಾದರೂ ಒಂದು ವಾದ್ಯ ತಂದಿಟ್ಟರೆ ಸ್ಕ್ರೂ ಬಿಚ್ಚುವ ಮುಂಚೆ ನೆಕ್ಕಿನ ಬುಡದ ಹಿಂಭಾಗ ನೋಡಬೇಕು. ಅಲ್ಲಿ ಜೇಮರ್ಸನ್ ತಾವೇ ನಾಲ್ಕು ಇಂಗ್ಲಿಷ್ ಅಕ್ಷರ ಕೊರೆದಿದ್ದರು: 'ಫಂಕ್'.