ವೈನ್ ಬಾಟ್ಲಿಗೆ ಹಾಕೋಕೆ ಅಷ್ಟೊಂದು ಅರ್ಜೆಂಟ್ ಯಾಕೆ?

ಹಿರಿಯೂರು, ಹೊಸದುರ್ಗ ಕಡೆ ದಾಳಿಂಬೆ ಬೆಳೆಯೋರು ಸುಮಾರು ಜನ ಕೇಳ್ತಾರೆ, ಸೈಜ್ ಕಮ್ಮಿ ಬಂದು ಮಂಡಿಲಿ ರೇಟ್ ಸಿಗದ ಹಣ್ಣಲ್ಲಿ ವೈನ್ ಮಾಡ್ಬಹುದಾ ಸಾರ್ ಅಂತ. ಮಾಡ್ಬಹುದು, ಆದ್ರೆ ಪರವಾನಗಿ ಇಲ್ದೆ ಮದ್ಯ ತಯಾರಿಸೋದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ತಪ್ಪು, ಅದಕ್ಕೇ ಮೊದ್ಲು ಅಬಕಾರಿ ಆಫೀಸಲ್ಲಿ ವಿಚಾರಿಸ್ಕೊಂಡು ಬನ್ನಿ. ಯೀಸ್ಟು, ಸಕ್ಕರೆ ಲೆಕ್ಕ ಎಲ್ಲಾ ಯೂಟ್ಯೂಬಲ್ಲಿ ಕಲ್ತಿರ್ತಾರೆ, ಅದನ್ನ ನಾನೇನೂ ಹೇಳ್ಬೇಕಾಗಿಲ್ಲ. ಕೆಡೋದು ಆಮೇಲೆ, ಗುಳ್ಳೆ ನಿಂತಿದ್ದೇ ತಡ ಬಾಟ್ಲಿಗೆ ಹಾಕಿ ಬಿರಡೆ ಜಡಿದುಬಿಡ್ತಾರಲ್ಲ, ಅಲ್ಲಿ.

ಗುಳ್ಳೆ ನಿಂತ್ರೆ ಕೆಲಸ ಮುಗೀತು ಅಂತಲ್ಲ. ಹೈಡ್ರೋಮೀಟರ್ (ದ್ರವ ಎಷ್ಟು ಸಾಂದ್ರ ಅಂತ ತೋರಿಸೋ ತೇಲೋ ಕೊಳವೆ, ನೀರಿಗೆ 1 ತೋರಿಸುತ್ತೆ) ವೈನೊಳಗೆ ತೇಲಿಬಿಟ್ಟು ನೋಡಿ, 0.995 ಇಲ್ಲಾ ಅದಕ್ಕಿಂತ ಕೆಳಗೆ ಬಂದು ಮೂರ್ನಾಲ್ಕು ದಿನ ಅಲ್ಲೇ ನಿಂತಿದ್ರೆ ಸಕ್ಕರೆ ಮುಗಿದಿದೆ. ಆಗ್ಲೂ ಒಳಗೆ ಗ್ಯಾಸ್ ಕರಗಿರುತ್ತೆ, ಯೀಸ್ಟ್ ತೇಲ್ತಿರುತ್ತೆ. ಸಕ್ಕರೆ ಉಳಿದಿರೋವಾಗ್ಲೇ ಬಿರಡೆ ಹಾಕಿದ್ರೆ ಬಾಟ್ಲಿ ಸಿಡಿಯೋದೂ ಉಂಟು. ಒಂದೇ ದೊಡ್ಡ ಕ್ಯಾನಲ್ಲಿ ಮೂರ್ನಾಲ್ಕು ತಿಂಗಳು ಬಿಟ್ರೆ ಮಡ್ಡಿ ಎಲ್ಲಾ ಒಂದೇ ಕಡೆ ಕೂರುತ್ತೆ, ಗ್ಯಾಸ್ ತಾನಾಗೇ ಹೋಗುತ್ತೆ, ಏನಾದ್ರೂ ಸರಿಮಾಡ್ಬೇಕಂದ್ರೂ ಒಂದೇ ಸಲ ಮಾಡಿದ್ರೆ ಆಯ್ತು. 20 ಲೀಟರನ್ನ ಅವಸರದಲ್ಲಿ 26 ಬಾಟ್ಲಿ ಮಾಡಿದ್ರೆ 26 ತರ ರುಚಿ ಬರುತ್ತೆ, ಆಮೇಲೆ ಒಂದೊಂದನ್ನೇ ಬಿಚ್ಚಿ ಸರಿಮಾಡೋಕಾಗುತ್ತಾ?

ಪಾತ್ರೆ ವಿಷ್ಯಕ್ಕೆ ಬಂದ್ರೆ ಗಾಜಿಂದೇ ಬೆಸ್ಟು, ಆಮೇಲೆ ಒಳ್ಳೆ ಸ್ಟೇನ್‌ಲೆಸ್ ಸ್ಟೀಲು. ಚಳ್ಳಕೆರೆ ಕಡೆ ಖಾಲಿ ಎಣ್ಣೆ ಕ್ಯಾನ್ ಸಲೀಸಾಗಿ ಸಿಗುತ್ತೆ ಅಂತ ಅದ್ರಲ್ಲೇ ಹಾಕ್ತಾರೆ, ದಯವಿಟ್ಟು ಬೇಡ, ಪ್ಲಾಸ್ಟಿಕ್ ಕುಡಿದ ಎಣ್ಣೆ ವಾಸನೆ ಎಷ್ಟು ತೊಳೆದ್ರೂ ಹೋಗಲ್ಲ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಮುಟ್ಲೇಬೇಡಿ, ಹುಳಿಗೆ ಲೋಹ ಬಿಡುತ್ತೆ. ಉಪ್ಪಿನಕಾಯಿ ಭರಣಿ ಬಾಯಿ ಅಗಲ, ಅದೇ ಅದ್ರ ತೊಂದ್ರೆ.

ಬಾಯಿ ಅಗಲ ಅಂದ್ರೆ ಏನು ತೊಂದ್ರೆ ಅಂತೀರಾ? ಲೆಕ್ಕ ಹಾಕಿ. ಕ್ಯಾನಿನ ಕಂಠ 5 ಸೆಂಟಿಮೀಟರ್ ಇದ್ದು ವೈನ್ ಅಲ್ಲೀವರೆಗೂ ತುಂಬಿದ್ರೆ ಗಾಳಿಗೆ ತಾಗೋ ಜಾಗ ಸುಮಾರು 20 ಚದರ ಸೆಂಟಿಮೀಟರ್. ಅದೇ ಭುಜದಿಂದ ಕೆಳಗೆ ಇಳಿದು ಅಗಲ 25 ಸೆಂಟಿಮೀಟರ್ ಆದ್ರೆ ಸುಮಾರು 490, ಅಂದ್ರೆ 25 ಪಟ್ಟು. ವಿನೆಗರ್ ಮಾಡೋ ಬ್ಯಾಕ್ಟೀರಿಯಾಕ್ಕೆ ಬೇಕಾಗಿರೋದು ಆ ಗಾಳಿನೇ. ಮಡ್ಡಿ ಬಿಟ್ಟು ತಿಳಿ ತೆಗೆದಾಗೆಲ್ಲಾ ಲೆವೆಲ್ ಇಳಿಯುತ್ತೆ, ಆಗ ಅದೇ ತರದ ವೈನ್ ಹಾಕಿ ತುಂಬಿಸಿ, ಇಲ್ಲಾಂದ್ರೆ ಚಿಕ್ಕ ಕ್ಯಾನಿಗೆ ಇಳಿಸಿ, ಅದೂ ಇಲ್ಲಾಂದ್ರೆ ತೊಳೆದು ಕುದಿಸಿದ ಗಾಜಿನ ಗೋಲಿ ಬಿಡಿ. ನೀರು ಮಾತ್ರ ಬೇಡ. ತಿಳಿ ತೆಗೆಯೋವಾಗ ಪೈಪಿನ ತುದಿ ತಳಕ್ಕೆ ಮುಟ್ಟಿರ್ಲಿ, ಮೇಲಿಂದ ಜೊಳಜೊಳ ಸುರಿಬೇಡಿ. ಮೊದಲ್ನೇ ಸಲ ಒಂದೆರಡು ವಾರದೊಳಗೇ ತೆಗೀರಿ, ದಪ್ಪ ಮಡ್ಡಿ ಮೇಲೆ ಕೂತ್ರೆ ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತೆ.

ಇನ್ನು ಪುಸ್ತಕದಲ್ಲಿರೋದೆಲ್ಲಾ ದ್ರಾಕ್ಷಿ ಪಾಠ. ದ್ರಾಕ್ಷಿಲಿ ಟಾರ್ಟಾರಿಕ್ ಆಮ್ಲ ಜಾಸ್ತಿ, ದಾಳಿಂಬೇಲಿ ಸಿಟ್ರಿಕ್ ಆಮ್ಲ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸೇರ್ಕೊಂಡ್ರೆ ಸಿಟ್ರಿಕ್ ತಿಂದು ವಿನೆಗರ್ ಹುಳಿನೂ ಬೆಣ್ಣೆ ವಾಸನೆನೂ ಬಿಡುತ್ತೆ, ದಾವಣಗೆರೆಲಿ ಬೆಣ್ಣೆ ದೋಸೆಗಿರ್ಲಿ, ವೈನಿಗೆ ಬೇಡ. ಅದಕ್ಕೇ ಮೊದಲ್ನೇ ತಿಳಿ ತೆಗೆದ ತಕ್ಷಣ ಕೆಎಂಎಸ್ (ಪೊಟ್ಯಾಶಿಯಂ ಮೆಟಾಬೈಸಲ್ಫೈಟ್) ಹಾಕಿ, ಸ್ಕ್ವಾಶಿಗೆ ಹಾಕೋ ಅದೇ ಪುಡಿ. 20 ಲೀಟರಿಗೆ 1 ಗ್ರಾಂ ಹಾಕಿದ್ರೆ ಸುಮಾರು 28 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಸಲ್ಫರ್ ಡೈ ಆಕ್ಸೈಡ್ ಬರುತ್ತೆ, ಅದ್ರಲ್ಲೂ ಒಂದಷ್ಟು ವೈನಲ್ಲೇ ಕಟ್ಕೊಂಡುಬಿಡುತ್ತೆ. ಕಟ್ಕೊಳ್ದೆ ಉಳಿದಿದ್ದೇ ವೈನನ್ನ ಕಾಪಾಡೋದು, ಪಿಎಚ್ (ಹುಳಿ ಅಳೆಯೋ ಅಂಕಿ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 3.2 ಇದ್ರೆ ಅದು 21 ಪಿಪಿಎಂ ಇದ್ರೆ ಸಾಕು, 3.5ಕ್ಕೆ 40 ಬೇಕು. ಪಿಎಚ್ ನೋಡ್ದೆ ಚಿಟಿಕೆ ಲೆಕ್ಕದಲ್ಲಿ ಹಾಕೋದು ನಂಗೆ ಒಪ್ಪಿಗೆ ಇಲ್ಲ. ಮನೇಲಿ ಅಸ್ತಮಾ ಇರೋರಿದ್ರೆ ಸಲ್ಫೈಟ್ ಹಾಕಿದೆ ಅಂತ ಹೇಳಿ ಕೊಡಿ.

ದುರ್ಗದ ಬಿಸಿಲೇ ದೊಡ್ಡ ತಲೆನೋವು. ವೈನಿಗೆ ಬೇಕಾಗಿರೋದು 12ರಿಂದ 18 ಡಿಗ್ರಿ, ನಮ್ಮಲ್ಲಿ ಏಪ್ರಿಲಲ್ಲಿ 38 ದಾಟುತ್ತೆ, ದಾಳಿಂಬೆ ಕೆಂಪು ಬೇರೆ ಸೂಕ್ಷ್ಮ, ಸೆಕೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ಅದಕ್ಕೆ ನಾನು ಹೇಳೋದು, ಮಳೆಗಾಲ ಮುಗೀತಿದ್ದಂಗೆ ಶುರು ಮಾಡಿ, ಶಿವರಾತ್ರಿ ಒಳಗೆ ಬಾಟ್ಲಿಗೆ ಹಾಕಿ. ವರ್ಷಗಟ್ಲೆ ಇಡೋದು ಎಸಿ ರೂಮಿರೋರಿಗೆ. ನಡುಮನೆ ಕತ್ತಲೆ ಕೋಣೇಲಿ, ನೆಲದ ಮೇಲೆ, ಕ್ಯಾನಿಗೆ ಗೋಣಿಚೀಲ ಸುತ್ತಿ ಇಡಿ. ಹಗೇವು (ಕಾಳು ತುಂಬಿಡೋ ನೆಲದೊಳಗಿನ ಗುಂಡಿ) ತಣ್ಣಗಿರುತ್ತೆ ಅಂತ ಅದ್ರೊಳಗೆ ಇಳಿಸೋ ಐಡಿಯಾ ಬಂದ್ರೆ ಅಲ್ಲೇ ಬಿಟ್ಬಿಡಿ, ತಳದಲ್ಲಿ ಕಾರ್ಬನ್ ಡೈ ಆಕ್ಸೈಡ್ ತುಂಬಿರುತ್ತೆ, ಇಳಿದವರು ಉಸಿರುಕಟ್ಟಿ ಸಾಯ್ತಾರೆ. ಏರ್‌ಲಾಕಲ್ಲಿರೋ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಮುಚ್ಚಳ) ನೀರು ನಮ್ಮ ಒಣ ಗಾಳಿಗೆ ಬೇಗ ಆವಿಯಾಗುತ್ತೆ, ವಾರಕ್ಕೊಂದ್ಸಲ ನೋಡಿ ತುಂಬಿಸಿ, ಒಣಗಿದ್ರೆ ಹಣ್ಣಿನ ನೊಣ ನೇರ ಒಳಗೇ.

ಬಾಟ್ಲಿಗೆ ಹಾಕೋ ಮುಂಚೆ ಒಂದು ಚಿಕ್ಕ ಬಾಟ್ಲಿಗೆ ಅರ್ಧ ತುಂಬಿ, ಬೆರಳಲ್ಲಿ ಮುಚ್ಚಿ ಜೋರಾಗಿ ಅಲ್ಲಾಡ್ಸಿ. ಬೆರಳು ತೆಗೆದಾಗ ಪುಸ್ ಅಂದ್ರೆ ಗ್ಯಾಸ್ ಇನ್ನೂ ಇದೆ, ಇನ್ನೊಂದು ತಿಂಗಳು ಕ್ಯಾನಲ್ಲೇ ಇರ್ಲಿ.